ಎಂಜಲು ಯಾರದು, ಊಟ ಯಾರದು?

ಇಥಿಯೋಪಿಯಾದ ಊಟವನ್ನು "ಕಾಡು ಜನರ ಊಟ" ಅನ್ನೋ ಹಕ್ಕು ಯಾದಗಿರಿ, ಶಹಾಪುರ, ಸುರಪುರದ ಕಡೆ ಹುಟ್ಟಿದ ಯಾರಿಗೂ ಇಲ್ಲ. ಬೇರೆಯವರಿಗೂ ಇಲ್ಲ ಬಿಡಿ, ಆದ್ರೆ ನಮಗಂತೂ ಖಂಡಿತ ಇಲ್ಲ. ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಖಾರ ಆಗಬಹುದು, ನಮ್ಮ ಕಡೆಯವರಿಗೆ ಖಾರ ಹೊಸದೇನಲ್ಲ :)

ವಾಷಿಂಗ್ಟನ್ ಸುತ್ತಮುತ್ತ ಇಥಿಯೋಪಿಯಾದವರ ಹೋಟೆಲುಗಳು ಬೇಕಾದಷ್ಟಿವೆ. ಅಂಥ ಒಂದಕ್ಕೆ ಮೊನ್ನೆ ಮೂರು ಮನೆಯವರು ಹೋಗಿದ್ವಿ. ಯಾದಗಿರಿಯವರು, ಸುರಪುರದವರು, ಶಹಾಪುರದ ನಾವು, ಮಕ್ಕಳು ಮರಿ ಎಲ್ಲ ಸೇರಿ ಹತ್ತು ಜನ. ದೊಡ್ಡ ಹರಿವಾಣದ ತುಂಬ ಇಂಜೆರಾ ಹಾಸಿ, ಅದರ ಮೇಲೆ ಮಸೂರ ಬೇಳೆಯ ಖಾರದ ವೊತ್, ನಮ್ಮ ಝುಣಕದ ತಮ್ಮನಂಥ ಶಿರೋ, ಎಲೆಕೋಸು, ಸೊಪ್ಪು ಎಲ್ಲ ಗುಡ್ಡೆ ಗುಡ್ಡೆಯಾಗಿ ಬಡಿಸಿ ಇಟ್ಟರು.

ಶುರುವಾಯ್ತು ನೋಡಿ. "ಏನ್ರೀ ಇದು, ಹಳಸಿದ ವಾಸನಿ ಬರ್ತದ" ಅಂದ್ರು ಒಬ್ಬರು. "ಬ್ಯಾರೆ ಬ್ಯಾರೆ ತಟ್ಟಿ ಕೇಳ್ರಿ, ಎಲ್ಲಾರ ಎಂಜಲಾ ತಿನ್ನೋದು ನಮ್ ಕಡಿ ಇಲ್ಲ" ಅಂದ್ರು ಇನ್ನೊಬ್ಬರು. ಕೊನೆಗೆ "ಕಾಡು ಜನ, ಇನ್ನೇನ್ ಉಣ್ತಾರ" ಅಂತ ದೊಡ್ಡ ನಗು. ಬಡಿಸಿದ ಹೆಣ್ಣುಮಗಳಿಗೆ ಕನ್ನಡ ಬರಲ್ಲ, ನಗು ಮಾತ್ರ ಅರ್ಥ ಆಯ್ತು. ನನ್ನ ಮಗಳಿಗೆ ಎರಡೂ ಅರ್ಥ ಆದವು. ಅದಕ್ಕೇ ಇದನ್ನ ಬರೀತಿದೀನಿ.

ಮೊದಲು ಹುಳಿ ವಿಷಯ. ತೆಫ್ ಅನ್ನೋದು ಸಾಸಿವೆಗಿಂತ ಸಣ್ಣ ಕಾಳು. ಅದರ ಹಿಟ್ಟನ್ನು ಎರಡು-ಮೂರು ದಿನ ಹುಳಿ ಬರಿಸಿ, ಹೆಂಚಿನ ಮೇಲೆ ಹೊಯ್ದು, ಮುಚ್ಚಿ, ಒಂದೇ ಮಗ್ಗುಲು ಬೇಯಿಸಿದರೆ ಇಂಜೆರಾ. ವಾರಕ್ಕೆ ಮೂರು ದಿನ ಇಡ್ಲಿ-ದೋಸೆ ತಿನ್ನೋರು, ಬೇಸಿಗೆಯಲ್ಲಿ ಜೋಳದ ಹುಳಿ ಅಂಬಲಿ ಕುಡಿದು ಬೆಳೆದೋರು ಅದನ್ನ ಹಳಸಿದ್ದು ಅಂದ್ರೆ ಹೇಗೆ? ಇನ್ನೊಂದು ಮಾತು. ಅಲ್ಲಿ ತೆಫ್ ದುಬಾರಿಯಾದಾಗ ಇಂಜೆರಾಕ್ಕೆ ಜೋಳದ ಹಿಟ್ಟು ಬೆರೆಸ್ತಾರೆ, ಬರೀ ಜೋಳದಲ್ಲೂ ಮಾಡ್ತಾರೆ. ಹೌದು, ನಮ್ಮ ಜೋಳ!

"ನಮ್ಮ" ಅಂದ್ನಲ್ಲ, ಅದನ್ನೂ ನೋಡಿಬಿಡೋಣ. ಜೋಳ ಮೊದಲು ಬೆಳೆಯಾದದ್ದು ಈಶಾನ್ಯ ಆಫ್ರಿಕಾದಲ್ಲಿ. ಪೂರ್ವ ಸುಡಾನಿನಲ್ಲಿ ಸುಮಾರು 5000 ವರ್ಷ ಹಿಂದಿನ ಕುರುಹು ಸಿಕ್ಕಿವೆ. ಸಂಕ್ರಾಂತಿಗೆ ಎಳ್ಳು ಹಚ್ಚಿ ಬಡಿಯೋ ಸಜ್ಜಿ ರೊಟ್ಟಿಯ ಸಜ್ಜೆ ಪಶ್ಚಿಮ ಆಫ್ರಿಕಾದ್ದು. ಪುಂಡಿ ಸೊಪ್ಪಿನ ತವರೂ ಆಫ್ರಿಕಾ. ಇನ್ನು ಗುರೆಳ್ಳು! ಅದರ ವೈಜ್ಞಾನಿಕ ಹೆಸರು ಗೈಜೋಟಿಯಾ ಅಬಿಸಿನಿಕಾ. ಅಬಿಸಿನಿಯಾ ಅಂದ್ರೆ ಇಥಿಯೋಪಿಯಾದ ಹಳೇ ಹೆಸರು. ಅಲ್ಲಿ ಅದನ್ನ ನೂಗ್ ಅಂತಾರೆ, ಎಣ್ಣೆ ತೆಗೀತಾರೆ. ಈಗ ಲೆಕ್ಕ ಹಾಕಿ: ಜೋಳದ ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳು ಹಿಂಡಿ. ನಮ್ಮ ತಟ್ಟೆಯಿಂದ ಆಫ್ರಿಕಾ ತೆಗೆದರೆ ಉಳಿಯೋದೇನು, ಉಳ್ಳಾಗಡ್ಡಿ? ಬೆಂಗಳೂರು-ಮೈಸೂರಿನವರು ಬಹಳ ನಗಬೇಡಿ, ನಿಮ್ಮ ರಾಗಿಯೂ ಇಥಿಯೋಪಿಯಾ-ಉಗಾಂಡಾ ಕಡೆಯ ಎತ್ತರದ ನಾಡಿಂದ ಬಂದದ್ದೇ.

ಕಾಳಷ್ಟೇ ಅಲ್ಲ, ಜನರೂ ಬಂದರು. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್ 1626ರಲ್ಲಿ ಸಾಯೋವರೆಗೂ ಅಹ್ಮದ್‌ನಗರದ ರಾಜ್ಯವನ್ನು ನಡೆಸಿ, ಮೊಗಲರನ್ನು ತಡೆದು ನಿಲ್ಲಿಸಿದ. ಬಿಜಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಪ್ರಧಾನಿ ಇಖ್ಲಾಸ್ ಖಾನ್ ಕೂಡ ಹಬಶಿಯೇ. ನಮ್ಮ ಹಿರಿಯರು ಯಾರ ಆಡಳಿತ ನೋಡಿದ್ರೋ ಅವರನ್ನ ಕಾಡು ಜನ ಅನ್ನೋಕೆ ನಾವ್ಯಾರು?

ಈಗ ಎಂಜಲಿನ ಮಾತು. ಒಂದೇ ತಟ್ಟೆಯ ಊಟ "ನಮ್ ಕಡಿ ಇಲ್ಲ" ಅನ್ನೋದು ಶುದ್ಧ ಸುಳ್ಳು. ನಮ್ಮ ಮುಸ್ಲಿಂ ಗೆಳೆಯರ ಮನೆಯಲ್ಲಿ ಒಂದೇ ದೊಡ್ಡ ತಟ್ಟೆಗೆ ನಾಲ್ಕು ಜನ ಕೈ ಹಾಕಿ ಉಣ್ಣೋದನ್ನ ನೋಡಿಲ್ವಾ? ಹೊಲದಲ್ಲಿ ಸೀತನಿ ಸುಟ್ಟು ಕಂಬಳಿ ಮೇಲೆ ಸುರಿದಾಗ ಯಾರ ಕೈ ಯಾವುದು ಅಂತ ನೋಡ್ತಿದ್ರಾ? ಅವರ ಗುರ್ಶಾ ಅಂದ್ರೆ ತುತ್ತು ಮಾಡಿ ಪಕ್ಕದವರ ಬಾಯಿಗಿಡೋದು. ನಮ್ಮಲ್ಲಿ ಅದಕ್ಕೆ ಕೈತುತ್ತು ಅಂತೀವಿ, ಅಮ್ಮನ ನೆನಪಾಗಿ ಕಣ್ಣೀರು ಹಾಕ್ತೀವಿ.

ನಿಜ ಏನಂದ್ರೆ, ನಮಗೆ ಎಂಜಲಿನ ಚಿಂತೆ ಇಲ್ಲ, ಯಾರ ಎಂಜಲು ಅನ್ನೋ ಚಿಂತೆ. ಚಹಾದಂಗಡಿಯಲ್ಲಿ ಕೆಲವರಿಗೆ ಬೇರೆ ಲೋಟ ಇಟ್ಟ ಬುದ್ಧಿಯೇ ವಿಮಾನ ಹತ್ತಿ ಬಂದು ಇಲ್ಲಿ ಬೇರೆ ತಟ್ಟೆ ಕೇಳ್ತದೆ. 12ನೇ ಶತಮಾನದ ಶರಣರ ದಾಸೋಹದ ಬಗ್ಗೆ ವೇದಿಕೆ ಮೇಲೆ ಭಾಷಣ ಮಾಡ್ತೀವಿ. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟಾಗ ಹಿಗ್ಗಿದ್ವಿ. ಹೆಸರು ಬದಲಾಯ್ತು, ತಟ್ಟೆ ಬದಲಾಗಲಿಲ್ಲ.

"ರುಚಿ ಹಿಡಿಸಲಿಲ್ಲ ಅಂತ ಹೇಳಲೂ ಬಾರದಾ?" ಅಂತ ಕೇಳಬಹುದು. ಹೇಳ್ರಿ, ಧಾರಾಳವಾಗಿ ಹೇಳ್ರಿ. ನನ್ನ ಮನೆಯಾಕೆಗೂ ಹುಳಿ ಜಾಸ್ತಿ ಅನ್ನಿಸ್ತು, ಹೇಳಿದಳು. ಊಟದ ಬಗ್ಗೆ ಹೇಳೋದು ರುಚಿ, ಉಣ್ಣೋರ ಬಗ್ಗೆ ನಗೋದು ತಿರಸ್ಕಾರ. 2016ರ ಜನವರಿ 31ರ ರಾತ್ರಿ ಬೆಂಗಳೂರಿನಲ್ಲಿ ಸುಡಾನಿನ ಒಬ್ಬನ ಕಾರು ಮಾಡಿದ ಅಪಘಾತಕ್ಕೆ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿದ್ದು ಹೊಡೀತು. ಆ ಗುಂಪಿಗೆ ಆಫ್ರಿಕಾದವರೆಲ್ಲ ಒಂದೇ. ಅಂಥ ಬುದ್ಧಿ ಒಂದೇ ರಾತ್ರಿಯಲ್ಲಿ ಬರಲ್ಲ, ಇಂಥ ನಗೆಗಳ ನಡುವೆ ಮೆಲ್ಲಗೆ ಬೆಳೀತದೆ.

ಈ ತಿರಸ್ಕಾರ ಕೊನೆಗೆ ನಮ್ಮ ಕಾಲಿಗೇ ಸುತ್ತಿಕೊಳ್ತದೆ. ನಾರಾಯಣಪುರ ಎಡದಂಡೆ ಕಾಲುವೆ ನೀರು ಬಂದ ಮೇಲೆ ಶಹಾಪುರ-ಸುರಪುರದ ಎಷ್ಟೋ ಜೋಳದ ಹೊಲ ಭತ್ತದ ಗದ್ದೆ ಆದವು. ರೊಟ್ಟಿ ಬಡವರದು, ಅನ್ನ ದೊಡ್ಡವರದು ಅಂತ ನಾವೇ ನಂಬಿದ್ವಿ. 2023ರಲ್ಲಿ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಆಚರಿಸಿದಾಗ ಅದೇ ಜೋಳವನ್ನು ಬಣ್ಣದ ಪೊಟ್ಟಣದಲ್ಲಿ ದುಬಾರಿ ಬೆಲೆಗೆ ಕೊಂಡ್ವಿ. ಇಥಿಯೋಪಿಯಾದವರು ದೂರದ ದೇಶಕ್ಕೆ ಬಂದ್ರೂ ಇಂಜೆರಾ ಬಿಡಲಿಲ್ಲ, ನಾಚಿಕೊಳ್ಳಲೂ ಇಲ್ಲ. ಇಲ್ಲಿ ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಅತಿಥಿಗೆ ರೊಟ್ಟಿ-ಪುಂಡಿ ಪಲ್ಯ ಬಡಿಸೋ ಧೈರ್ಯ ಇದೆ, ನೀವೇ ಹೇಳ್ರಿ.

ಊರಿಂದ ಗುರೆಳ್ಳು ಹಿಂಡಿ ತರಿಸಿಕೊಳ್ಳೋ ಗೆಳೆಯರೇ, ಡಬ್ಬಿ ಮುಚ್ಚಳ ತೆಗೆಯುವಾಗ ಅಬಿಸಿನಿಯಾ ಅನ್ನೋ ಹೆಸರು ನೆನಪಿರಲಿ. ಅಷ್ಟು ಸಾಕು.