ಇಲಿಯ ಲಿವರ್, ನೆಂಟರ ಲಿವರ್

ಮೊನ್ನೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ನೆಂಟರೊಬ್ಬರು ಎರಡನೇ ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಾ ಹೇಳಿದರು: ‘ನನಗೂ ಫ್ಯಾಟಿ ಲಿವರ್ ಅಂತೆ ಕಣ್ರೀ. ಏನೂ ಯೋಚನೆ ಇಲ್ಲ, ಗಿಡಮೂಲಿಕೆ ಟಾನಿಕ್ ಕುಡೀತಿದೀನಿ. ಇಲಿಗಳ ಮೇಲೆ ಪ್ರೂವ್ ಆಗಿದೆ.’ ಅಷ್ಟರಲ್ಲಿ ಪಾಯಸ ಬಂತು, ಮಾತು ಅಲ್ಲಿಗೇ ನಿಂತಿತು. ನನಗೆ ಮಾತ್ರ ಆ ‘ಪ್ರೂವ್’ ಗಂಟಲಲ್ಲಿ ಸಿಕ್ಕಿಕೊಂಡಿತು. ಬಳಸಿ ಹೇಳುವುದು ಬೇಡ: ಆ ಇಲಿಗೆ ಬಂದದ್ದು ನಮ್ಮ ನೆಂಟರ ಕಾಯಿಲೆಯಲ್ಲ.

ಇಂಥ ಪರೀಕ್ಷೆಗಳಲ್ಲಿ ಇಲಿಯ ಲಿವರ್ ಕೆಡಿಸಲು ಬಹಳವಾಗಿ ಬಳಸುವುದು ಕಾರ್ಬನ್ ಟೆಟ್ರಾಕ್ಲೋರೈಡ್. ಬಣ್ಣವಿಲ್ಲದ, ನೀರಿಗಿಂತ ಭಾರವಾದ, ಸಿಹಿ ವಾಸನೆಯ ದ್ರವ. ಒಂದು ಕಾಲಕ್ಕೆ ಡ್ರೈಕ್ಲೀನಿಂಗ್‌ಗೂ ಬೆಂಕಿ ಆರಿಸುವುದಕ್ಕೂ ಇದೇ ಬೇಕಿತ್ತು. ಸ್ವಾರಸ್ಯವೆಂದರೆ ಈ ದ್ರವ ತಾನಾಗಿಯೇ ಅಷ್ಟೊಂದು ಕೆಡುಕು ಮಾಡುವುದಿಲ್ಲ. ಮದ್ಯದಂಥ ವಸ್ತುಗಳನ್ನು ಒಡೆದು ಹಾಕಲೆಂದು ಲಿವರ್‌ನಲ್ಲಿ ಸಿವೈಪಿ2ಇ1 ಎಂಬ ಕಿಣ್ವವಿದೆ. ಅದು ಇದನ್ನೂ ಒಡೆಯಲು ಹೋಗಿ ಉಗ್ರವಾದ ಮುಕ್ತ ರ‍್ಯಾಡಿಕಲ್ ಒಂದನ್ನು ಹುಟ್ಟಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆ ರ‍್ಯಾಡಿಕಲ್ ಜೀವಕೋಶದೊಳಗಿನ ಪೊರೆಗಳ ಕೊಬ್ಬನ್ನು ಸುಡುತ್ತದೆ, ಪ್ರೋಟೀನ್ ತಯಾರಾಗುವ ಜಾಗ ಹಾಳಾಗುತ್ತದೆ. ಲಿವರ್ ತನ್ನ ಕೊಬ್ಬನ್ನು ಪ್ರೋಟೀನಿನಲ್ಲಿ ಕಟ್ಟಿಯೇ ರಕ್ತಕ್ಕೆ ಸಾಗಿಸಬೇಕು. ಕಟ್ಟುವವರೇ ಇಲ್ಲದ ಮೇಲೆ ಸಾಗಣೆ ಎಲ್ಲಿಯದು? ಕೆಲವೇ ಗಂಟೆಗಳಲ್ಲಿ ಲಿವರ್‌ನಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ತುಂಬುತ್ತದೆ, ರಕ್ತದಲ್ಲಿ ಇಳಿಯುತ್ತದೆ. ಮೈಯ ಕೊಬ್ಬೆಲ್ಲ ಕರಗಿ ಲಿವರ್‌ಗೆ ನುಗ್ಗುತ್ತದೆ ಎಂದು ವಾದಿಸಿದವರೂ ಇದ್ದರು. ತೊಂದರೆ ಒಳಬರುವ ದಾರಿಯಲ್ಲಲ್ಲ, ಹೊರಹೋಗುವ ದಾರಿಯಲ್ಲಿ ಎಂಬುದನ್ನು 1960ರ ಸುಮಾರಿಗೆ ಅಮೆರಿಕದ ರಿಚರ್ಡ್ ರೆಕ್ನಾಗೆಲ್ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ಮಂಡಿಯಲ್ಲಿ ಮೂಟೆ ರಾಶಿ ಬೀಳಲು ಎರಡು ಕಾರಣ ಇರಬಹುದು. ಲಾರಿ ಮುಷ್ಕರ, ಇಲ್ಲವೇ ಮಿತಿಮೀರಿದ ಬೆಳೆ. ಇಲಿಯದು ಲಾರಿ ಮುಷ್ಕರ. ನಮ್ಮ ನೆಂಟರದು ಬೆಳೆಯ ಅತಿ. ಇನ್ಸುಲಿನ್ ಮಾತು ಕೇಳದ ಮೈಯಿಂದ ಕೊಬ್ಬಿನಾಮ್ಲ ಹರಿದು ಬರುತ್ತದೆ, ತಿಂದ ಸಕ್ಕರೆಯಿಂದ ಲಿವರ್ ತಾನೇ ಹೊಸ ಕೊಬ್ಬು ಮಾಡುತ್ತದೆ. ಇಲ್ಲಿ ಲಾರಿಗಳು ನಿಂತಿಲ್ಲ, ಎಂದಿಗಿಂತ ಹೆಚ್ಚು ಓಡುತ್ತಿವೆ. ಆದ್ದರಿಂದಲೇ ಇಂಥವರಲ್ಲಿ ಅನೇಕರ ರಕ್ತಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ ಏರಿರುತ್ತದೆ. ಮುಷ್ಕರ ಮುರಿಯುವ ಉಪಾಯದಿಂದ ಬೆಳೆಯ ಅತಿ ಇಳಿಯುವುದೇ?

ಇನ್ನೊಂದು ಗುಟ್ಟೂ ಇದೆ. ಎಷ್ಟೋ ಪ್ರಯೋಗಗಳಲ್ಲಿ ಕಷಾಯವನ್ನು ವಿಷಕ್ಕೆ ಮೊದಲೇ ಕುಡಿಸಿರುತ್ತಾರೆ. ಆ ಕಷಾಯ ಲಿವರ್‌ಗೆ ಏನೂ ಒಳ್ಳೆಯದು ಮಾಡದೆ ಸಿವೈಪಿ2ಇ1 ಕಿಣ್ವವನ್ನು ಒಂದಿಷ್ಟು ಮಂಕಾಗಿಸಿದರೂ ಸಾಕು, ವಿಷ ವಿಷವಾಗುವುದೇ ಇಲ್ಲ. ಲಿವರ್ ಕೆಟ್ಟಾಗ ರಕ್ತದಲ್ಲಿ ಏರಬೇಕಾದ ಎಸ್‌ಜಿಪಿಟಿ ಏರದೆ ಉಳಿಯುತ್ತದೆ, ‘ಲಿವರ್ ರಕ್ಷಕ’ ಎಂಬ ಬಿರುದು ಸಿಗುತ್ತದೆ. ಈ ಕಿಣ್ವದ ಜೀನ್ ತೆಗೆದುಹಾಕಿದ ಚಿಕ್ಕಿಲಿಗಳಿಗೆ ಇದೇ ವಿಷ ಕೊಟ್ಟರೆ ಲಿವರ್ ಹೆಚ್ಚುಕಡಿಮೆ ಜಗ್ಗುವುದೇ ಇಲ್ಲ. ಹಾಗಾದರೆ ಜೀನ್ ಇಲ್ಲದಿರುವುದನ್ನೂ ಬಾಟಲಿಗೆ ತುಂಬಿ ಮಾರೋಣವೇ?

ಪ್ರಾಣಿಯಲ್ಲಿ ಪಾಸಾದದ್ದು ಮನುಷ್ಯನಲ್ಲಿ ಎಡವಿದ್ದಕ್ಕೆ ಕಾರ್ಬನ್ ಟೆಟ್ರಾಕ್ಲೋರೈಡಿನ ಚರಿತ್ರೆಯೇ ಸಾಕ್ಷಿ. 1921ರಲ್ಲಿ ಅಮೆರಿಕದ ಮಾರಿಸ್ ಹಾಲ್ ಇದನ್ನು ನಾಯಿಗಳಿಗೆ ಕೊಟ್ಟು ನೋಡಿದರು, ಕೊಕ್ಕೆಹುಳುಗಳು ಸತ್ತು ಉದುರಿದವು. ಅಗ್ಗದ ಔಷಧಿ, ಒಂದೇ ಗುಟುಕು. ಆ ದಶಕದಲ್ಲಿ ನಾನಾ ದೇಶಗಳ ಲಕ್ಷಾಂತರ ಜನರಿಗೆ ಕುಡಿಸಿದರು. ಬಹುಮಂದಿ ಗುಣವಾದರು. ಕೆಲವರು ಸತ್ತರು, ಅವರಲ್ಲಿ ಕುಡುಕರೂ ಇದ್ದರು. ಮದ್ಯ ಕುಡಿಯುವವರ ಲಿವರ್‌ನಲ್ಲಿ ಆ ಕಿಣ್ವ ಹೆಚ್ಚಿರುತ್ತದೆ ಎಂಬುದು ಗೊತ್ತಾದದ್ದು ಎಷ್ಟೋ ದಶಕಗಳ ಮೇಲೆ. ಪರೀಕ್ಷೆಗೆ ಸಿಕ್ಕ ನಾಯಿಗಳೇನೂ ಸಾರಾಯಿ ಅಂಗಡಿಗೆ ಹೋಗುತ್ತಿರಲಿಲ್ಲ.

ಇಲಿಯ ಪ್ರಯೋಗವೇ ದಂಡ ಎಂದು ನಾನು ಹೇಳುತ್ತಿಲ್ಲ. ಲಿವರ್ ಕೊಬ್ಬನ್ನು ಹೇಗೆ ಹೊರಗೆ ಕಳಿಸುತ್ತದೆ ಎಂಬುದರಲ್ಲಿ ಒಂದಿಷ್ಟನ್ನಾದರೂ ನಾವು ಕಲಿತದ್ದು ಈ ವಿಷದ ಕೃಪೆಯಿಂದಲೇ. ವಾರಗಟ್ಟಲೆ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಇಲಿಯ ಲಿವರ್ ಗಡುಸಾಗಿ ನಾರುಗಟ್ಟುತ್ತದೆ. ಆ ಹಂತಕ್ಕೂ ಮನುಷ್ಯರ ಸಿರೋಸಿಸ್‌ಗೂ ನಿಜವಾದ ಹೋಲಿಕೆಯಿದೆ. ‘ನಮ್ಮಜ್ಜಿ ಕಾಮಾಲೆಗೆ ನೆಲನೆಲ್ಲಿ ಅರೆದು ಕೊಡುತ್ತಿದ್ದರು, ವಾಸಿಯಾಗುತ್ತಿತ್ತು’ ಎನ್ನುವವರನ್ನೂ ತಳ್ಳಿಹಾಕಲಾರೆ. ಕಾಮಾಲೆಯಲ್ಲಿ ಬಹುಪಾಲು ತಾನಾಗಿಯೇ ವಾಸಿಯಾಗುವಂಥದು ಎಂಬುದು ನಿಜ, ಆದರೆ ಅನುಭವ ಪರೀಕ್ಷೆಗೆ ಯೋಗ್ಯವಾದದ್ದೇ. ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ ಚೆನ್ನೈನ ತ್ಯಾಗರಾಜನ್ ತಂಡ ನೆಲನೆಲ್ಲಿಯನ್ನು ಕೊಟ್ಟು ನೋಡಿತು. ನೂರಕ್ಕೆ 59 ಜನರಲ್ಲಿ ವೈರಸ್‌ನ ಗುರುತು ಮಾಯವಾಯಿತೆಂದು 1988ರ ಲ್ಯಾನ್ಸೆಟ್‌ನಲ್ಲಿ ವರದಿಯಾಯಿತು. ಬೇರೆಯವರು ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಆದರೂ ಆ ತಂಡಕ್ಕೆ ನನ್ನ ಗೌರವವಿದೆ, ಅವರು ಮನುಷ್ಯರ ಕಾಯಿಲೆಯನ್ನು ಮನುಷ್ಯರಲ್ಲೇ ಕೇಳಿದರು. ಗಿಡಮೂಲಿಕೆ ಅಂದಮೇಲೆ ಅಪಾಯವೇ ಇಲ್ಲ ಎನ್ನುವವರಿಗೆ ಕಾಸರ್ಕದ ವಿಷಬೀಜವೂ ಗಿಡದಲ್ಲೇ ಬಿಡುತ್ತದೆ ಎಂದಷ್ಟೇ ಹೇಳುತ್ತೇನೆ.

ಮುಂದಿನ ಸಲ ಬಾಟಲಿಯ ಮೇಲೆ ‘ಇಲಿಗಳಲ್ಲಿ ಸಾಬೀತಾಗಿದೆ’ ಎಂದು ಕಂಡರೆ ಅಂಗಡಿಯವನನ್ನು ಎರಡೇ ಮಾತು ಕೇಳಿ: ಇಲಿಗೆ ಈ ಔಷಧಿ ಕುಡಿಸಿದ್ದು ವಿಷಕ್ಕೆ ಮೊದಲೋ, ಆಮೇಲೋ? ನಾನು ಯಾವ ವಿಷ ಕುಡಿದಿದ್ದೇನೆ?