ಕೆಟ್ಟ ವರ್ಷದ ಬಾಟಲಿ

ವೈನ್ ಲೋಕದಲ್ಲಿ ಇಸವಿಗೂ ಜಾತಕ ಬರೆಯುತ್ತಾರೆ. ಫ್ರಾನ್ಸಿನ ಬೋರ್ಡೋದಲ್ಲಿ 2005, 2009, 2010 ರಾಜಯೋಗದ ವರ್ಷಗಳು. ನಡುವಿನ 2007 ಎಂದರೆ ಮಾತ್ರ ಬಲ್ಲವರು ಮೂಗು ಮುರಿಯುತ್ತಾರೆ.

ನಮ್ಮ ಮಲೆನಾಡಿನವರಿಗೆ ಬೋರ್ಡೋ ಎಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣದ ದ್ರಾವಣ. ಹೆಸರು ಬಂದದ್ದು ಆ ಊರಿನಿಂದಲೇ. 1880ರ ದಶಕದಲ್ಲಿ ಅಲ್ಲಿನ ದ್ರಾಕ್ಷಿ ಬಳ್ಳಿಯ ಬೂಜುರೋಗಕ್ಕೆ ಕಂಡುಕೊಂಡ ಮದ್ದು ಮುಂದೆ ನಮ್ಮ ತೋಟಕ್ಕೂ ಬಂತು. 2007ರಲ್ಲಿ ಬೋರ್ಡೋವನ್ನು ಕಾಡಿದ್ದೂ ಅದೇ ರೋಗ. ಏಪ್ರಿಲ್‌ನಲ್ಲಿ ಅಕಾಲದ ಬಿಸಿಲು, ಆಮೇಲೆ ಆಗಸ್ಟ್‌ವರೆಗೂ ಮೋಡ, ಮಳೆ, ಬೂಜು. ಸೆಪ್ಟೆಂಬರ್‌ನಲ್ಲಿ ಬಿಸಿಲು ಬಿದ್ದಿದ್ದರಿಂದ, ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೋವಿನ್ಯೋನ್ ತಕ್ಕಮಟ್ಟಿಗೆ ಬಚಾವಾಯಿತು.

ಬೋರ್ಡೋ ಸೀಮೆಯ ಪೋಯಾಕ್ ಎಂಬಲ್ಲಿನ, ಆ ವರ್ಷದ ಒಂದು ಬಾಟಲಿಯನ್ನು ಪ್ಯಾರಿಸ್‌ನಲ್ಲಿರುವ ಗೆಳೆಯ ತಂದಿದ್ದ. "ಒಳ್ಳೇ ವರ್ಷದ್ದು ತರೋಕೆ ಸಂಬಳ ಸಾಲಲ್ಲ ಕಣೋ" ಎಂದ. ಕಳೆದ ತಿಂಗಳು ಪುಣೆಯ ಮನೆಯಲ್ಲಿ ನಾಲ್ವರು ಕೂತು ತೆರೆದೆವು. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿದ್ದರಿಂದ ಚರಟ ತಳಕ್ಕೆ ಕೂತಿತ್ತು. ಸೆಕೆಗೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟಿದ್ದೆ. ಹಳೆಯ ಕಾರ್ಕ್ ಎರಡು ತುಂಡಾಯಿತು.

ಗ್ಲಾಸಿನ ನಡುವೆ ಕೆಂಪು, ಅಂಚಿನಲ್ಲಿ ಇಟ್ಟಿಗೆ ಬಣ್ಣ. ಮೊದಲು ಒಣ ತಂಬಾಕಿನ ಪರಿಮಳ, ಅದರ ಹಿಂದೆ ಸಣ್ಣಗೆ ದೊಣ್ಣೆಮೆಣಸಿನಕಾಯಿ. ಈ ಹಸಿರು ವಾಸನೆ ಕ್ಯಾಬರ್ನೆ ಪೂರ್ತಿ ಹಣ್ಣಾಗದ್ದರ ಗುರುತು. ಬಾಯಲ್ಲಿ ತಿಳಿಸಾರಿನಷ್ಟು ತೆಳು, ಆದರೆ ಸಪ್ಪೆಯಲ್ಲ. ಒಗರು ಕರಗಿ ನಯವಾಗಿತ್ತು, ಹುಳಿ ಚುರುಕಾಗಿತ್ತು. ಮುಕ್ಕಾಲು ಗಂಟೆಯಲ್ಲಿ ಪರಿಮಳ ಇಳಿಯತೊಡಗಿತು. ಅಷ್ಟರಲ್ಲಿ ಬಾಟಲಿಯೂ ಖಾಲಿ.

ಮಳೆಯ ವರ್ಷದಲ್ಲಿ ಹಣ್ಣು ನೀರು ಕುಡಿದು ಉಬ್ಬುತ್ತದೆ, ರಸ ತೆಳುವಾಗುತ್ತದೆ. ಒಗರು ಕಮ್ಮಿಯಿರುವುದರಿಂದ ವೈನ್ ಬೇಗ ಹದಕ್ಕೆ ಬರುತ್ತದೆ, ಬೇಗ ಮುಪ್ಪಾಗುತ್ತದೆ. ಅದು ಕುಡಿಯುವಂತಿದ್ದರೆ ಅದಕ್ಕೆ ಕಾರಣ ತೋಟದವರು. ಮತ್ತೆ ಮತ್ತೆ ಮದ್ದು ಹೊಡೆದು, ಕೆಟ್ಟ ಗೊಂಚಲು ಕಿತ್ತು, ಹಣ್ಣು ಆರಿಸಿ, ಮನಸ್ಸಿಗೆ ಬಾರದ ಪೀಪಾಯಿಗಳನ್ನು ತಮ್ಮದೇ ಎರಡನೇ ದರ್ಜೆಯ ವೈನಿಗೆ ಬಿಟ್ಟಿರುತ್ತಾರೆ. ಕೊಳೆ ಬಂದ ವರ್ಷ ನಮ್ಮೂರಲ್ಲೂ ಹಾಗೇ. ಮಳೆ ಬಿಟ್ಟ ಗಳಿಗೆ ನೋಡಿ ಕೊನೆಗೌಡ ಮತ್ತೆ ಮರ ಹತ್ತಬೇಕು, ಉದುರಿದ್ದನ್ನು ಹೆಕ್ಕಬೇಕು. ಕೆಲಸ ಎರಡರಷ್ಟು, ಫಸಲು ಅರ್ಧ. ಜನರ ಬಾಯಲ್ಲಿ ಉಳಿಯುವುದು "ಆ ವರ್ಷ ಕೆಟ್ಟಿತ್ತು" ಎಂಬ ಒಂದೇ ಮಾತು.

ನಿಮ್ಮ ಕಪಾಟಿನಲ್ಲೂ ಇಂಥ ಇಸವಿಯ ಬಾಟಲಿಯಿದ್ದರೆ, ಮಾಡಿದವರು ಯಾರು ನೋಡಿ. ಇನ್ನೂ ಹತ್ತು ವರ್ಷ ಕಾಯಬೇಡಿ. ಗಂಟೆಗಟ್ಟಲೆ ಗಾಳಿಗೆ ಬಿಡಬೇಡಿ. ಜೊತೆಗೆ ಖಾರದ ಊಟ ಬೇಡ. ನಾವು ಬೆಣ್ಣೆಯಲ್ಲಿ ಬಾಡಿಸಿದ ಅಣಬೆ ತಿಂದೆವು, ಹೊಂದಿತು.

ಸಾಗರದಲ್ಲಿರುವ ಅಪ್ಪಯ್ಯನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ವೈನಿನ ರುಚಿ ಹೇಗಿತ್ತೆಂದು ಅವರು ವಿಚಾರಿಸಲಿಲ್ಲ. ಕೇಳಿದ್ದು ಒಂದೇ: "ಆ ವರ್ಷ ಬೋರ್ಡೋ ಎಷ್ಟು ಸಲ ಹೊಡೆದ್ರಂತೆ?"