ದೀಪವಾರಿಸುವ ಮಿತವ್ಯಯ
ಹಿನಕಲ್ಲಿನ ಸದ್ಭಕ್ತರೊಬ್ಬರು, ನಾವು ಪೂಜಾಗೃಹದಿಂದ ಹೊರಬರುತ್ತಲೇ ದೀಪವಾರಿಸಿ, ಇದು ಮಿತವ್ಯಯವೆಂದರು. ನಮ್ಮ ಸ್ನಾನಕ್ಕೆಂದು ಬೆಳಿಗ್ಗೆ ಹಾಕಿದ್ದ ಗೀಸರನ್ನು ಮಧ್ಯಾಹ್ನವಾದರೂ ಯಾರೂ ಆರಿಸಿರಲಿಲ್ಲ! 2000 ವಾಟಿನ ಗೀಸರು ಅರ್ಧ ಗಂಟೆ ನೀರು ಕಾಯಿಸಿದರೆ ಒಂದು ಯೂನಿಟ್ ಮುಗಿಯಿತು. 9 ವಾಟಿನ ಎಲ್‌ಇಡಿ ದೀಪ ಅದೇ ಯೂನಿಟ್ಟಿನಲ್ಲಿ 100 ಗಂಟೆಗೂ ಮಿಗಿಲಾಗಿ ಬೆಳಗುವುದು. ಕಣ್ಣಿಗೆ ಕಾಣುವುದನ್ನು ಆರಿಸಿ ಕಾಣದುದನ್ನು ಮರೆಯುವುದು ಎಂತಹ ಮಿತವ್ಯಯ? 1902ರಲ್ಲೇ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿದ ಮೈಸೂರು ಸೀಮೆಗೆ ಈ ಲೆಕ್ಕ ಇನ್ನೂ ತಿಳಿಯದಿರುವುದು ಸೋಜಿಗವೇ ಸರಿ. 2023ರಲ್ಲಿ ಗೃಹಜ್ಯೋತಿ ಬಂದಮೇಲಂತೂ, ಬಿಲ್ಲು ಶೂನ್ಯವಾದರೆ ವೆಚ್ಚವೂ ಶೂನ್ಯವೆಂಬ ಭ್ರಾಂತಿ. ಬಡವರ ಮನೆ ಬೆಳಗಿದುದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಹಣವನ್ನು ಸರ್ಕಾರ ತೆತ್ತ ಮಾತ್ರಕ್ಕೆ ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಕಲ್ಲಿದ್ದಲು ಉರಿಯದೆ ಬಿಟ್ಟೀತೆ? ಪರರಿಗೆ ಹೇಳಿದ್ದಾಯಿತು, ನಮ್ಮ ಮಠದ ಸ್ನಾನದ ಮನೆಯ ಗೀಸರನ್ನು ಈ ತಿಂಗಳಿಂದ ನಾವೇ ನೋಡಿಕೊಳ್ಳುತ್ತಿದ್ದೇವೆ.